ಸ್ಟ್ಯಾಂಡಿಗೆ ಹೊಸ ಬಣ್ಣ

ಫೆಬ್ರವರಿ 10, ಸೋಮವಾರ

ನಿನ್ನೆ ರಾತ್ರಿಯೂ ಕಾರಿನ ಕೆಳಗೆ ರಟ್ಟು ಹಾಸಿಟ್ಟು ಒಳಗೆ ಹೋಗಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅಂಗೈಯಗಲ ಎಣ್ಣೆ. ಆಯಿಲ್ ಬಸಿಯುವ ನಟ್ಟೇ ಇರಬೇಕು, ಅದರ ವಾಷರ್ ಸತ್ತಿದೆ. ಬದಲಾಯಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಆದರೆ ಕೆಳಗೆ ಹೋಗಬೇಕು. ಹೋಗಲು, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಎರಡೂ ತಮ್ಮನ ಮನೆಯಲ್ಲಿ. ಮಳೆಗಾಲದಲ್ಲಿ ಒಯ್ದವನು, ಇನ್ನೂ ತಂದಿಲ್ಲ.

ಫೋನ್ ಮಾಡಿದೆ.

"ನಾಳೆ ತರ್ತೀನಿ ಅಕ್ಕ."

"ನಿನ್ನ ನಾಳೆ ಬರೋದ್ರೊಳಗೆ ನನ್ನ ಇಂಜಿನ್ ಸೀಜ್ ಆಗತ್ತೆ ಕಣೋ."

"ಜಾಕ್ ಇದೆಯಲ್ಲ ನಿನ್ ಹತ್ರ? ಎತ್ತು, ತೂರು, ಬಿಗಿ ಮಾಡು, ಈಚೆಗೆ ಬಾ. ಎಲ್ರೂ ಹಂಗೇ ಮಾಡೋದು."

"ಜಾಕ್ ಇರೋದು ಎತ್ತೋಕೆ. ಹೊತ್ಕೊಂಡು ನಿಲ್ಲೋಕಲ್ಲ."

"ಶುರುವಾಯ್ತಪ್ಪ ಇನ್ಸ್‌ಪೆಕ್ಟರಮ್ಮಂದು!"

ನಕ್ಕ. ನಾನೂ ನಕ್ಕೆ. ಅವನು ನಕ್ಕರೆ ನನ್ನ ಸಿಟ್ಟು ನಿಲ್ಲುವುದಿಲ್ಲ, ಮೊದಲಿಂದಲೂ ಹಾಗೇ. ಅಮ್ಮ ಹೋದಾಗ ಅವನಿಗೆ ಶರ್ಟಿನ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಕುತ್ತಿಗೆ ಮೇಲೆತ್ತಿ ನಿಲ್ಲುತ್ತಿದ್ದ, ನಾನು ಹಾಕುತ್ತಿದ್ದೆ.

ಫೆಬ್ರವರಿ 13, ಸಂಜೆ

ಹೋಟೆಲಿನ ಬೆಡ್‌ಶೀಟುಗಳ ಇಸ್ತ್ರಿ ಮುಗಿಯಿತು. ಗಂಟು ಕಟ್ಟಿ ಕಾರಿಗೆ ತುಂಬಿ, ಅರ್ಧ ಡಬ್ಬ ಆಯಿಲ್ ಕುಡಿಸಿ ಹೊರಟೆ. ಅಲ್ಲಿಯ ಮ್ಯಾನೇಜರ್ ಗೇಟಿನಲ್ಲೇ ತಡೆದ. "ಅಮ್ಮಾ, ಒಳಗೆ ನಿಲ್ಲಿಸ್ಬೇಡಿ, ಟೈಲ್ಸ್ ಎಲ್ಲ ಎಣ್ಣೆ ಕಲೆ." ಅವರ ಕಲೆ ತೆಗೆದು ಬದುಕುವವಳು, ನನ್ನದೇ ಕಾರು ಕಲೆ ಮಾಡುತ್ತಿದೆ. ಗಂಟುಗಳನ್ನು ರಸ್ತೆಯಿಂದ ಹೊತ್ತೆ. ಸೊಂಟ ಹಿಡಿದಿದೆ.

ಮೆಕ್ಯಾನಿಕ್ಕಿಗೆ ಕೊಡಬಹುದು. ಕೊಟ್ಟರೆ ಹೋಯಿತು, ಅವನ ಶೆಡ್ಡಿನಲ್ಲಿ ಕಾರು ಬಾಡಿಗೆಗಿರುವ ಹಾಗೆ ಕೂತುಬಿಡುತ್ತದೆ. ಯಜಮಾನರು ತೀರಿಕೊಂಡ ಮೇಲೆ ಅದೇ ಶೆಡ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. "ಏನಮ್ಮಾ, ನಮ್ಮನ್ನ ಸೀರಿಯಲ್ ನೋಡ್ದಂಗೆ ನೋಡ್ತೀರಿ!" ಅನ್ನುತ್ತಿದ್ದ. ನೋಡಿ ನೋಡಿಯೇ ಕಲಿತದ್ದು ಇಷ್ಟೂ.

ತಮ್ಮನ ಸುದ್ದಿಯಿಲ್ಲ.

ಫೆಬ್ರವರಿ 16, ಭಾನುವಾರ

ಬಂದ! ಎರಡೂ ಸ್ಟ್ಯಾಂಡ್ ತಂದ. ಅದೂ ಹೇಗೆ — ಮಿರಮಿರ ನೀಲಿ ಬಣ್ಣ ಬಳಿಸಿಕೊಂಡು. ಮೊದಲು ಗುರುತೇ ಹತ್ತಲಿಲ್ಲ.

"ಇಷ್ಟು ದಿನ ಇಟ್ಕೊಂಡಿದ್ದಕ್ಕೆ ದಂಡ," ಅಂದ.

ಕೊಟ್ಟ ವಸ್ತುವನ್ನು ತೊಳೆದು ತಂದವನೂ ಅಲ್ಲ ಇವನು. ನನ್ನ ಪ್ರೆಷರ್ ಕುಕ್ಕರ್ ಒಯ್ದು ಗ್ಯಾಸ್ಕೆಟ್ ಇಲ್ಲದೆ ತಂದವನು. ಊಟಕ್ಕೆ ಕೂರಿಸಿದೆ. ತಟ್ಟೆಯಿಂದ ತಲೆ ಎತ್ತದೆ ಉಂಡ. "ಯಾಕೋ ಮಾತೇ ಇಲ್ಲ?" ಅಂದರೆ, "ಸುಸ್ತು ಅಕ್ಕ, ವ್ಯಾನಿಗೆ ಬಿಡುವೇ ಇಲ್ಲ," ಅಂದ. ಸಾಮಾನು ಸಾಗಿಸುವ ಕೆಲಸ, ಪಾಪ. ಎರಡು ದಿನಕ್ಕಾಗುವಷ್ಟು ಪಲ್ಯ ಡಬ್ಬಿಗೆ ತುಂಬಿ ಕಳಿಸಿದೆ.

ಹೋಗುವಾಗ ಗೇಟಿನ ಹತ್ತಿರ ನಿಂತ. "ಅಕ್ಕ, ಯಾವಾಗ ಮಾಡ್ತೀಯ ಕೆಲ್ಸ?"

"ನಾಳೇನೇ."

"ಹುಷಾರು."

ನನಗೆ ಹುಷಾರು ಹೇಳುವಷ್ಟು ದೊಡ್ಡವನಾದ! ಸಂಜೆಯೆಲ್ಲ ಅದೇ ಖುಷಿ.

ಫೆಬ್ರವರಿ 17, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಎಲ್ಲ ಯಾವಾಗಲೂ ಮಾಡುವ ಹಾಗೇ ಮಾಡಿದೆ. ಸಿಮೆಂಟಿನ ಸಮ ನೆಲ. ಹ್ಯಾಂಡ್‌ಬ್ರೇಕ್, ಗೇರ್, ಹಿಂದಿನ ಚಕ್ರಗಳಿಗೆ ಮರದ ತುಂಡು. ಜಾಕ್ ಒತ್ತಿ ಮುಂಭಾಗ ಎತ್ತಿದೆ. ಎರಡೂ ಕಡೆ ಗಟ್ಟಿ ಜಾಗ ನೋಡಿ ಸ್ಟ್ಯಾಂಡ್ ಕೊಟ್ಟೆ. ಜಾಕ್ ನಿಧಾನ ಇಳಿಸಿದೆ, ಭಾರ ಸ್ಟ್ಯಾಂಡಿನ ಮೇಲೆ ಕೂತಿತು. ಸ್ಟ್ಯಾಂಡ್ ಕೈಕೊಟ್ಟರೂ ತಡೆಯಲಿ ಎಂದು ಸ್ಟೆಪ್ನಿ ಚಕ್ರ, ಅದರ ಮೇಲೊಂದು ಹಲಗೆ, ಕಾರಿನ ಬಾಗಿಲಿನ ಅಡಿಗೆ ಮಲಗಿಸಿದೆ. ಚಾಪೆ ಹಾಸಿದೆ. ಕೆಳಗೆ ಹೋಗುವ ಮುಂಚೆ, ಅಭ್ಯಾಸದಂತೆ, ಬಾನೆಟ್ಟಿನ ಪಕ್ಕಕ್ಕೆ ಕೈ ಕೊಟ್ಟು ಜೋರಾಗಿ ಅಲ್ಲಾಡಿಸಿದೆ.

ಟಕ್.

ಕಾರು ಬಲಕ್ಕೆ ಕುಸಿಯಿತು. ಸ್ಟೆಪ್ನಿಯ ಮೇಲಿನ ಹಲಗೆ ಎರಡು ಹೋಳು. ಚಾಪೆಯ ಅಂಚು ಅಡಿಗೆ ಸಿಕ್ಕಿಕೊಂಡಿತು. ನಾನು ಮಲಗುತ್ತಿದ್ದ ಕಡೆಯೇ.

ಆಮೇಲೆ ಎಷ್ಟೋ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಮತ್ತೆ ಜಾಕ್ ಕೊಟ್ಟು ಮುರಿದ ಸ್ಟ್ಯಾಂಡ್ ಎಳೆದುಕೊಂಡೆ. ಒಂದು ಕಾಲು ಕಿತ್ತಿತ್ತು. ಕಿತ್ತ ಜಾಗದಲ್ಲಿ ಹೊಸ ವೆಲ್ಡಿಂಗ್, ಮೇಲಷ್ಟೇ ಹಿಡಿದು ಒಳಗೆ ಪೊಳ್ಳು. ಅದರ ಮೇಲೆ ನೀಲಿ ಬಣ್ಣ, ದಪ್ಪಗೆ, ಎರಡು ಕೋಟು.

ಬೇರೆಲ್ಲ ಕಡೆ ಒಂದೇ ಕೋಟು.

ಫೆಬ್ರವರಿ 18

ತಮ್ಮನ ಮನೆಗೆ ಹೋಗಿದ್ದೆ. ವ್ಯಾನ್ ತೊಳೆಯುತ್ತಿದ್ದ. ಮುರಿದ ಸ್ಟ್ಯಾಂಡನ್ನು ಅವನ ಬಕೆಟ್ಟಿನ ಪಕ್ಕ ಇಟ್ಟೆ. ನೋಡಿದ. ಕೈಯಿಂದ ಪೈಪು ಬಿತ್ತು, ನೀರು ಹರಿಯುತ್ತಲೇ ಇತ್ತು.

"ನಿಂಗೇನೂ ಆಗ್ಲಿಲ್ವಲ್ಲ?"

"ಇದೇನೋ ಇದು?"

"ಲೋಡ್ ಇತ್ತು ಅಕ್ಕ ವ್ಯಾನಲ್ಲಿ. ಇಳಿಜಾರಲ್ಲಿ ಎತ್ತಿದ್ದೆ, ಜಾರ್ತು, ಕಾಲು ಕಿತ್ಕೊಳ್ತು. ಗೇಟ್ ಮಾಡೋನ ಹತ್ರ ವೆಲ್ಡ್ ಹೊಡೆಸ್ದೆ. ಗಟ್ಟಿಯಾಗೇ ಇತ್ತು. ನಾನೇ ಅದರ ಮೇಲೆ ಹತ್ತಿ ನಿಂತು ನೋಡಿದೀನಿ."

"ನೀನು ಮೇಲೆ ನಿಂತು ನೋಡ್ದೆ. ನಾನು ಕೆಳಗೆ ಮಲಗೋಳು. ಹೇಳೋಕೇನಾಗಿತ್ತು?"

"ಹೇಳಿದ್ರೆ ಬೈತೀಯ ಅಂತ."

"ಬೈತೀನಿ ಅಂತ?"

"ನಿಂಗೊತ್ತಿಲ್ಲ ನೀನು ಹೆಂಗ್ ಬೈತೀಯ ಅಂತ. ಆಮೇಲೆ..." ನೆಲ ನೋಡಿದ. "ನೀನು ಹೆಂಗೂ ಅಲ್ಲಾಡ್ಸಿ ನೋಡೇ ನೋಡ್ತೀಯಲ್ಲ ಅಕ್ಕ. ನೋಡ್ದೆ ಒಳಗೆ ಹೋಗೋಳಾ ನೀನು? ಅಂದ್ಕೊಂಡೆ."

ಅವನ ಹೆಂಡತಿ ಕಾಫಿ ತಂದಳು. "ಏನೂ ಆಗ್ಲಿಲ್ವಲ್ಲ ಅತ್ತಿಗೆ, ಬಿಟ್ಬಿಡಿ. ಬೇಕು ಅಂತ ಮಾಡ್ತಾರಾ?"

ಕುಡಿದೆ. ಲೋಟ ತೊಳೆದಿಟ್ಟೇ ಬಂದೆ. ಎಂಥ ಅಭ್ಯಾಸಗಳು ನನ್ನವು.

ಬೇಕೆಂದು ಮಾಡಿಲ್ಲ, ಸರಿ. ಆದರೆ ಯೋಚಿಸಿ ಮಾಡಿದ್ದಾನೆ. ಅಕ್ಕನ ಬೈಗುಳ ಒಂದು ಕಡೆ, ಅಕ್ಕನ ಎದೆಗೂಡು ಇನ್ನೊಂದು ಕಡೆ ಇಟ್ಟು ತೂಗಿದ್ದಾನೆ. ಯಾವ ಹುಷಾರಿಗೆ ಜೀವನವಿಡೀ ನಕ್ಕನೋ ಅದೇ ಹುಷಾರಿನ ಮೇಲೆ ಭಾರ ಹಾಕಿ, ನನ್ನ ಪಲ್ಯದ ಡಬ್ಬಿ ಹಿಡಿದುಕೊಂಡು ಹೋಗಿದ್ದಾನೆ.

ಮಾರ್ಚ್ 2, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ಬೆಡ್‌ಶೀಟುಗಳು ಆಟೋದಲ್ಲಿ ಹೋಗಿ ಬರುತ್ತಿವೆ. ಕಾರು ನಿಂತಲ್ಲೇ ನಿಂತಿದೆ. ಅದೂ ನಾನೂ, ಮಾತಾಡದವರು ಇಬ್ಬರಾದೆವು ಮನೆಯಲ್ಲಿ.

ಇವತ್ತು ತಮ್ಮನ ಹೆಂಡತಿಯ ಫೋನು. "ಅವ್ರು ಸರಿಯಾಗಿ ಊಟಾನೂ ಮಾಡ್ತಿಲ್ಲ ಅತ್ತಿಗೆ. ನೀವು ದೊಡ್ಡೋರು. ನೀವೇ ಮರೀಬೇಕು."

ದೊಡ್ಡವಳೆಂದರೆ ಮರೆಯುವ ಕೆಲಸಕ್ಕೆ ಅಪಾಯಿಂಟ್ ಆದವಳು. ರಜೆಯಿಲ್ಲ, ರಿಟೈರ್‌ಮೆಂಟೂ ಇಲ್ಲ.

"ಕಳಿಸು," ಅಂದೆ.

ಮಾರ್ಚ್ 9, ಭಾನುವಾರ

ಬಂದಿದ್ದ. ಹೊಸ ಸ್ಟ್ಯಾಂಡ್ ಒಂದು ಜೊತೆ, ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ. ಒಳಗೂ ಬರಲಿಲ್ಲ, ನೇರ ಕಾರಿನ ಹತ್ತಿರ ಹೋದ.

"ನೀನು ಕೂತ್ಕೋ ಅಕ್ಕ. ಇವತ್ತು ಎಲ್ಲಾ ನಂದು."

ಕುರ್ಚಿ ತಂದು ಹಾಕಿದ. ಕೂತೆ. ಚಕ್ರಕ್ಕೆ ಮರದ ತುಂಡು ಇಟ್ಟ. ಒಂದು ಸಲ ಕಾಲಿನಿಂದ ಒದ್ದು ನೋಡಿ, ನನ್ನ ಕಡೆ ತಿರುಗಿ ನಕ್ಕ. ಜಾಕ್ ಒತ್ತಿದ, ಸ್ಟ್ಯಾಂಡ್ ಕೊಟ್ಟ, ಇಳಿಸಿದ. ಹಳೆ ಚಾಪೆ ಹಾಸಿ ಹಾಗೇ ತೂರಿಕೊಂಡ.

ಅಲ್ಲಾಡಿಸಿ ನೋಡಲಿಲ್ಲ. ಸ್ಟೆಪ್ನಿ ಗೋಡೆಗೆ ಒರಗಿಕೊಂಡೇ ಇತ್ತು.

ನಾನು ನೋಡಿದೆ. ಬಲಗಡೆಯ ಸ್ಟ್ಯಾಂಡು ಸರಿಯಾಗಿ ಗಟ್ಟಿ ಜಾಗಕ್ಕೆ ಕೂತಿರಲಿಲ್ಲ, ಅಂಚಿನಲ್ಲಿತ್ತು. ಅದನ್ನೂ ನೋಡಿದೆ. "ಈಚೆ ಬಾರೋ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವನು ಅಂಬೆಗಾಲಿಡುತ್ತಿದ್ದಾಗಿನಿಂದ ನನ್ನ ಬಾಯಲ್ಲಿ ಸದಾ ಇದ್ದ ಮಾತು ಅದು.

ಹೊರಗೆ ಅವನ ಎರಡು ಕಾಲು. ಹಿಮ್ಮಡಿಯ ಹತ್ತಿರ ಒಂದು ಸಾಕ್ಸ್ ಹರಿದಿತ್ತು.

"ಅಕ್ಕ, ಆ ನಟ್ಟು ಬಿಗಿಯೋ ಪಾನ ಕೊಡು."

ಎದ್ದು ಕೊಟ್ಟೆ. ಮತ್ತೆ ಬಂದು ಕೂತೆ.

ವಾಷರ್ ಹಾಕಿದ, ಬಿಗಿ ಮಾಡಿದ, ಈಚೆ ಬಂದ. ಮುಖವೆಲ್ಲ ಎಣ್ಣೆ, ಹಲ್ಲು ಮಾತ್ರ ಬಿಳಿ. "ಏನಕ್ಕ, ಇವತ್ತು ಒಂದ್ಸಲಾನೂ ಬೈಲಿಲ್ಲ!" ಎಷ್ಟು ಖುಷಿ ಅವನಿಗೆ. ಎಲ್ಲ ಮುಗಿಯಿತು, ಅಕ್ಕ ಮೊದಲಿನ ಹಾಗಾದಳು ಅಂದುಕೊಂಡ. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು ಹೋದ.

ಎಣ್ಣೆ ಸೋರುವುದು ನಿಂತಿದೆ.

ಸ್ಟ್ಯಾಂಡು ಹೊಸದು, ಏನೂ ಆಗುತ್ತಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ ಎಂದು ಬರೆದು ಈಗಷ್ಟೇ ಹೊಡೆದುಹಾಕಿದೆ. ಸುಳ್ಳು ಅದು. ಅವನ ಕಾಲು ನೋಡುತ್ತ ಕೂತಿದ್ದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು — ಬಿದ್ದರೆ ಬೀಳಲಿ ಅಂತ.