ಕೋವಿ ಮನೆಯಲ್ಲೇ ಇದ್ದ ಚುನಾವಣೆ

ಅಪ್ಪಯ್ಯನಿಗೆ ಮಗಳು ಸವಿತಾ ಮಾಡುವ ನಮಸ್ಕಾರ.

ಅಮ್ಮ, ನಾನು ಇಬ್ಬರೂ ಚೆನ್ನಾಗಿದ್ದೇವೆ. ನೀನು ಅಲ್ಲಿ ಚಿತ್ರಗುಪ್ತನ ಎದುರು ಕೂತು ಯಾವ ಕಾನೂನು ಕೇಳುತ್ತಿದ್ದೀಯೋ! ನಿನ್ನನ್ನು ಹಿಡಿದಿಟ್ಟುಕೊಳ್ಳುವುದು ನಮಗೇ ಸಾಕುಬೇಕಾಗಿತ್ತು, ಪಾಪ ಅವನೇನು ಮಾಡಿಯಾನು?

ಚುನಾವಣೆ ಬಂತೆಂದರೆ ಬೆಳೆ ಕಾಯುವ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನೀನು ನಗರದ ಬಸ್ಸು ಹತ್ತುತ್ತಿದ್ದೆ. ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಳ್ಳಬೇಕು. ಒಮ್ಮೆ ಅದೇ ಬಸ್ಸಿನಲ್ಲಿ ನಾನೂ ಇದ್ದೆ, ಟೀಚರ್ ಆಗಿ ಚುನಾವಣಾ ತರಬೇತಿಗೆ ಹೊರಟಿದ್ದೆ. "ನಾಯ್ಕ್ರೇ, ಕೋವಿಗೆ ಅರ್ಧ ಟಿಕೆಟ್ ಕೊಡ್ಲಾ?" ಎಂದ ಕಂಡಕ್ಟರ್. ನೀನು ನಗಲಿಲ್ಲ. "ನೋಡು ಮಾರಾಯ, ಮಗಳ ಕೈಗೆ ಓಟಿನ ಮಿಷನ್ ಕೊಡ್ತಾರೆ, ಅಪ್ಪನ ಕೈಲಿರೋ ಕೋವಿ ಕಿತ್ಕೊಳ್ತಾರೆ. ಸರ್ಕಾರನ ಆರ್ಸೋ ಬುದ್ಧಿ ನಂಗಿದೆಯಂತೆ, ಸುಮ್ನಿರೋ ಬುದ್ಧಿ ಇಲ್ವಂತೆ. ಎಂತ ನ್ಯಾಯ ಇದು?" ಬಸ್ಸಿನವರೆಲ್ಲ ನನ್ನ ಮುಖ ನೋಡಿದರು.

ಊಟಕ್ಕೆ ಕೂತಾಗ ನಾನು ಬಿಡುತ್ತಿರಲಿಲ್ಲ, ನೆನಪಿದೆಯಾ? ಗೇಣಿ ಗದ್ದೆ ನಮ್ಮ ಹೆಸರಿಗೆ ಆದದ್ದು ಸರ್ಕಾರದಿಂದಲೇ ತಾನೇ ಎಂದು ಕೆಣಕಿದ್ದೆ. ನಿನ್ನ ತುತ್ತು ಅಲ್ಲೇ ನಿಂತಿತು. "ಅಜ್ಜ ಉತ್ತ ನೆಲ ಮಗಾ ಅದು. ಅವ್ರು ಕೊಟ್ಟಿದ್ದಲ್ಲ, ಅಡ್ಡ ನಿಂತೋರನ್ನ ಸರಿಸಿದ್ರು. ಅಷ್ಟು ಮಾಡ್ಲಿ, ಬ್ಯಾಡ ಅನ್ನಲ್ಲ. ಬೇಲಿ ಬೇಕು. ಬೇಲಿನೇ ಎದ್ದು ಹೊಲ ಮೇಯ್ಬಾರ್ದು." ಶಾಲೆ, ಆಸ್ಪತ್ರೆ ಯಾರು ಕಟ್ಟಬೇಕಪ್ಪಯ್ಯ ಎಂದರೆ ನೀನು ಮಜ್ಜಿಗೆ ಕೇಳಿ ಮಾತು ತಪ್ಪಿಸಿದೆ. ನಿನ್ನ ಮಾತನ್ನು ಪೂರ್ತಿ ಒಪ್ಪಲು ನನಗೆ ಇವತ್ತಿಗೂ ಆಗಿಲ್ಲ. ನೀನಿದ್ದಿದ್ದರೆ ಈಗಲೂ...

ಇನ್ನೊಂದು ಚುನಾವಣೆಯಲ್ಲಿ ಭತ್ತ ಹಾಲು ತುಂಬುವ ಹೊತ್ತಿಗೇ ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ. ಪಕ್ಷದ ಮುಖಂಡನೊಬ್ಬ ಮನೆಗೇ ಬಂದ. "ಒಂದ್ ಮಾತು ಹೇಳಿಸ್ತೀನಿ, ನಿಮ್ ಕೋವಿ ಒಂದು ವಾಪಸ್ ಬರ್ತದೆ." ನೀನು ಅವನಿಗೆ ಕಾಫಿ ಕೊಡಿಸಿ, ನಿಧಾನವಾಗಿ ಹೇಳಿದೆ: "ಹಕ್ಕಾದ್ರೆ ಎಲ್ರಿಗೂ ಕೊಡ್ಲಿ. ದಯೆ ಆದ್ರೆ ನಂಗೆ ಬ್ಯಾಡ." ಆ ಸಲ ಅರ್ಧ ಗದ್ದೆ ಹೋಯಿತು. ಅಮ್ಮ ಎಷ್ಟೋ ದಿನ ನಿನ್ನ ತಟ್ಟೆಗೆ ಬಡಿಸದೆ ಪಾತ್ರೆ ಮುಂದಿಟ್ಟು ಹೋಗುತ್ತಿದ್ದಳು. ನನಗೆ ಮಾತ್ರ ಊರೆಲ್ಲ ತಿರುಗಿ ಇವನು ನಮ್ಮಪ್ಪ ಎಂದು ಹೇಳಬೇಕು ಅನ್ನಿಸಿತ್ತು.

ನೀನು ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಿಕೊಂಡೆ. ಹೆಂಗಸಿಗೆ ಕೋವಿ ಯಾಕೆ ಎಂದವರಿಗೆ, ಹಂದಿಗೆ ಗಂಡು ಹೆಣ್ಣು ಗೊತ್ತಾಗಲ್ಲ ಎಂದೆ. ಈ ಸಲ ಚುನಾವಣೆ ಬಂದಾಗ ಊರಿನ ಕೋವಿಯವರೆಲ್ಲ ಸೇರಿ, ಬೆಳೆ ಮುಗಿಯುವ ತನಕ ವಿನಾಯಿತಿ ಕೊಡಿ ಎಂದು ಕೇಳಲು ಹೋದೆವು. ಅಧಿಕಾರಿ ನನ್ನೊಬ್ಬಳನ್ನೇ ಒಳಗೆ ಕರೆದರು. "ನೀವು ಟೀಚರ್ ಅಲ್ವಾ ಮೇಡಂ, ನಿಮ್ಮದೊಂದು ಬಿಡಬಹುದು." ಅಪ್ಪಯ್ಯ, ಗದ್ದೆ ಕಣ್ಣ ಮುಂದೆ ಬಂತು. ಆದರೂ ಬಾಯಿಂದ ಬಂದದ್ದು ನಿನ್ನ ಮಾತೇ. "ಎಲ್ರದ್ದೂ ನೋಡಿ ಸರ್. ಇಲ್ಲಾಂದ್ರೆ ನನ್ನದೂ ಠಾಣೆಗೇ ಬರ್ಲಿ."

ಅವರು ಸಿಟ್ಟಾಗಲಿಲ್ಲ. ಮಾರನೇ ದಿನ ಜೀಪಿನಲ್ಲಿ ಬಂದು ಒಬ್ಬೊಬ್ಬರ ಗದ್ದೆಗೂ ಇಳಿದು ನೋಡಿದರು. ಒಳ್ಳೆಯ ಮನುಷ್ಯ, ಸರ್ಕಾರದಲ್ಲೂ ಅಂಥವರಿದ್ದಾರೆ ಎಂದು ನೀನೂ ಒಪ್ಪಲೇಬೇಕು. ವಾರದೊಳಗೆ ಆದೇಶ ಬಂತು. ನಮ್ಮೂರಿನ ಒಂದು ಕೋವಿಯೂ ಬಸ್ಸು ಹತ್ತಲಿಲ್ಲ.

ಮತದಾನದ ದಿನ ನನಗೆ ಮೇಳಿಗೆ ಊರಿನ ಮತಗಟ್ಟೆಯಲ್ಲಿ ಡ್ಯೂಟಿ, ಹಿಂದಿನ ದಿನವೇ ಹೊರಟಿದ್ದೆ. ಮುಗಿಸಿ ಬಂದರೆ ಕೆಳಗಿನ ಗದ್ದೆಯ ಒಂದು ಮೂಲೆ ನೆಲಸಮ. ಹಗಲಲ್ಲೇ ಹಂದಿ ನುಗ್ಗಿತ್ತಂತೆ. ಅಕ್ಕಪಕ್ಕದವರೆಲ್ಲ ಓಡಿಬಂದು ಕೂಗಿ, ಕಲ್ಲು ಬೀರಿ ಅಟ್ಟಿದರಂತೆ. "ಯಾರಾದ್ರೂ ಗಾಳಿಗೆ ಒಂದು ಗುಂಡು ಹಾರ್ಸಿದ್ರೆ ಆಗ್ತಿತ್ತಲ್ಲ ಅಮ್ಮ?" ಎಂದು ಕೇಳಿದೆ. "ಓಟಿನ ದಿನ ಅಲ್ವನೇ? ಏನೇ ಬಂದ್ರೂ ಇವತ್ತು ಕೋವಿ ಮುಟ್ಟೋದು ಬ್ಯಾಡ ಅಂತ ನಿನ್ನೆ ಎಲ್ರೂ ಕೂತು ಮಾತಾಡ್ಕೊಂಡ್ರು," ಎಂದಳು ಅಮ್ಮ.

ಆದೇಶದಲ್ಲಿ ಅಂಥ ಷರತ್ತೇ ಇರಲಿಲ್ಲ ಅಪ್ಪಯ್ಯ. ಕೋವಿ ಮುಟ್ಟದೆ ಸುಮ್ಮನಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.