ಪೈಪಿನ ಕೊಳೆ ಒಣಗಬಾರದು

ಮಾರ್ಚ್ 4, ಬೆಳಿಗ್ಗೆ 5.40
ಹಾಲು ಕಾಯಿಸಿದ್ದಾಯ್ತು. ಎಡಗೈಗೆ ಮುಲಾಮು ಹಚ್ಚಿದ್ದೂ ಆಯ್ತು. ಹೊಸ ಚರ್ಮ ಇನ್ನೂ ಬಿಗಿ. ಐದು ತಿಂಗಳ ಮೇಲೆ ಇವತ್ತು ಡ್ಯೂಟಿ.
ಅತ್ತೆ: "ಮತ್ತೆ ಹಂದಿ ಕಾಯೋಕೆ ಹೊರಟ್ಯಾ?"
ಪೈಪಿನೊಳಗೆ ಕಚ್ಚಾ ಎಣ್ಣೆ ಜೊತೆ ಓಡಿ, ಅಂಟಿದ ಮೇಣ, ಕೊಳೆ ಕೆರೆದು ತರೋ ರಬ್ಬರ್ ಉಂಡೆಗೆ ಪಿಗ್ ಅಂತಾರೆ ಅಂತ ಒಮ್ಮೆ ಬಾಯ್ತಪ್ಪಿ ಹೇಳಿಬಿಟ್ಟಿದ್ದೆ. ಅವತ್ತಿಂದ ಇಡೀ ಬೀದಿಗೆ ನಾನು ಹಂದಿ ಕಾಯೋಳು.

ಸಂಜೆ
ಪೈಪ್‌ಲೈನ್ ಸ್ಟೇಷನ್ ಹಾಗೇ ಇದೆ. ಪಿಗ್ ಬಂದು ನಿಲ್ಲೋ ಟ್ರ್ಯಾಪಿಗೆ ಮಾತ್ರ ಹೊಸ ಬಣ್ಣ. ಅದರ ಬಾಗಿಲ ಹತ್ತಿರ ಹೋಗಲೇ ಇಲ್ಲ. ಅಕ್ಟೋಬರಲ್ಲಿ ಅಲ್ಲೇ... ಕೊಳೆಯಲ್ಲಿದ್ದ ಕಬ್ಬಿಣ-ಗಂಧಕದ ಕಪ್ಪು ಪುಡಿ ಒಣಗಿತ್ತು. ಗಾಳಿ ತಾಗಿದ್ದೇ ತಡ, ಕಡ್ಡಿ ಗೀರದೇ ಹೊತ್ತಿಕೊಂಡಿತು. ತಲೆಗೆ ಬಂದದ್ದು ಕೈಗೆ ಹೋಯ್ತು.
ಹೊಸ ಇನ್‌ಚಾರ್ಜ್‌ಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ. ಬಾಯಿ ತೆರೆಯೋ ಮುಂಚೆ ವಾಚ್ ನೋಡ್ತಾನೆ. "ಆಫೀಸಲ್ಲಿ ಕೂತು ರಿಪೋರ್ಟ್ ಬರಿಯಮ್ಮ" ಅಂದ. ಒಳಗೊಳಗೇ ಖುಷಿಯಾಯ್ತು. ಆಮೇಲೆ ನಾಚಿಕೆ.

ಮಾರ್ಚ್ 7, ಮಧ್ಯಾಹ್ನ 3
ಆಫೀಸಲ್ಲೇ ಕೂತು ಬರೀತಿದೀನಿ.
ಬೆಳಿಗ್ಗೆ ಪಿಗ್ ಬಂತು. ಟ್ರ್ಯಾಪಿಗೆ ನೀರು ಬಿಡೋ ಪಂಪ್ ಕೆಟ್ಟಿತ್ತು. ಇನ್ನೊಂದು ಬರೋಕೆ ಎರಡು ಗಂಟೆ. ಗಡಿಯಾರ ಅಂದ, "ಒಳಗೆ ಎಣ್ಣೆಗೆ ಕೊಳೆ ಹಸಿನೇ ಇರುತ್ತೆ. ತೆಗೀರಿ." ಫಿಟ್ಟರ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಕಿಟಕಿಯಿಂದ ನೋಡ್ತಿದ್ದೆ. ಯಾವಾಗ ಎದ್ದು ಓಡಿದೆನೋ ಗೊತ್ತಿಲ್ಲ.
"ಕೈ ತೆಗಿ!" ಅಂತ ಕೂಗಿದೆ.
"ನಿನ್ನ ಯಾರಮ್ಮ ಕರೆದದ್ದು?" ಗಡಿಯಾರ ರೇಗಿದ.
ಹೊಸ ಚರ್ಮಕ್ಕೆ ಹಾಕಿದ್ದ ಗ್ಲೌಸ್ ಬಿಚ್ಚಿ ಸುಟ್ಟ ಎಡಗೈ ಮುಂದೆ ಚಾಚಿದೆ. ಫಿಟ್ಟರ್ ಸ್ಪ್ಯಾನರ್ ಕೆಳಗಿಟ್ಟ. "ಕಾಯೋಣ ಸಾರ್. ನನಗೂ ಹೆಂಡತಿ ಮಕ್ಕಳಿದಾರೆ."
ಕಾದೆವು. ನೀರು ತುಂಬಿಸಿ, ಚೆನ್ನಾಗಿ ನೆನೆಸಿ, ಬಾಗಿಲು ತೆಗೆದರು. ಬಕೆಟ್‌ಗಟ್ಟಲೆ ಮೇಣ, ಕಪ್ಪು ರಾಡಿ. ಏನೂ ಆಗಲಿಲ್ಲ.
"ಸುಮ್ನೆ ರಾದ್ಧಾಂತ ಮಾಡಿದೆ" ಅಂದ ಗಡಿಯಾರ. ಅಷ್ಟರಲ್ಲಿ ರಾಡಿ ಹಿಡಿದ ಟ್ರೇ ಅಂಚಿಗೆ ಸಿಡಿದು ಬಿಸಿಲಿಗೆ ಒಣಗಿದ್ದ ಒಂದು ಚಿಟಿಕೆ ಪುಡಿ... ಹೊಗೆಯಾಡಿ ಕೆಂಪಗಾಯ್ತು. ಯಾರೂ ಮುಟ್ಟಿರಲಿಲ್ಲ. ಒಂದು ಮಗ್ ನೀರು ಸುರಿದೆ. ಚುಂಯ್ ಅಂತು. ಅಷ್ಟೇ.
ಗಡಿಯಾರ ಅಲ್ಲೇ ಕಟ್ಟೆ ಮೇಲೆ ಕುಸಿದ. ನೀರು ಕೇಳಿದ — ಕುಡಿಯೋಕೆ.

ಮಾರ್ಚ್ 8
ಗಡಿಯಾರ ನನ್ನ ಮೇಜಿಗೇ ಬಂದ. "ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಿರಲಿಲ್ಲ. ತಪ್ಪು ನಂದೇ. ಎಲ್ಲರಿಗೂ ಹೇಳಿಕೊಡ್ತೀಯಾ?"
ಮನೆಗೆ ಬಂದು ಯಜಮಾನರನ್ನ ಕೇಳಿದೆ. "ಹೇಳಿಕೊಡು. ನಿನ್ನ ಭಯಾನೂ ಮುಚ್ಚಿಡಬೇಡ" ಅಂದರು.

ಮಾರ್ಚ್ 29, ಬೆಳಿಗ್ಗೆ 11
ಮೂರು ಕ್ಲಾಸ್ ಆಯ್ತು. ಪಿಗ್ ಈಗ ವಾರಕ್ಕೊಂದು. ಮೇಣ ಕಟ್ಟೋಕೆ ಪುರುಸೊತ್ತೇ ಇಲ್ಲ.
ಇವತ್ತಿನ ಪಿಗ್ ಟ್ರ್ಯಾಪಿನ ನೀರಲ್ಲಿ ನೆನೀತಾ ಇದೆ. ಬಾಗಿಲು ಯಾರು ತೆಗೀತೀರಿ ಅಂತ ಗಡಿಯಾರ ಕೇಳಿದಾಗ "ನಾನು" ಅಂದುಬಿಟ್ಟೆ. ಟ್ರ್ಯಾಪ್ ಪಕ್ಕದಲ್ಲೇ ಕೂತು ಬರೀತಿದೀನಿ. ಹೆದರಿಕೆ ಇದೆ. ಇರಲಿ, ಅದೂ ಪಕ್ಕದಲ್ಲಿ ನಿಂತು ನೋಡಲಿ.
ಫಿಟ್ಟರ್ ಕೂಗ್ತಿದಾನೆ, "ಅಕ್ಕಾ, ಪ್ರೆಶರ್ ಝೀರೋ! ತೆಗೀಬಹುದು!" ಬಂದೆ ಅಂದೆ. ಎಡಗೈನೇ ಮೊದಲು ಬಾಗಿಲಿಗೆ—