ಬಿ ವಿಂಗಿನ ಶೆಟ್ರ ಮಾತು

ಡೊಂಬಿವಲಿ
೧೪ ಜೂನ್ ೨೦೧೫

ಪ್ರೀತಿಯ ನಿಶ್ಮಿತಾ,

ಪುಣೆಯ ಹಾಸ್ಟೆಲಿಗೆ ಅಮ್ಮನ ಕಾಗದ ಬಂತೆಂದು ಗಾಬರಿಯಾಗಬೇಡ ಮಗಾ, ಎಲ್ಲರೂ ಸೌಖ್ಯ. ವಾಟ್ಸಾಪಿನಲ್ಲಿ ಬರೆದರೆ ಮೇಲೆ ಪಪ್ಪನ ಹೆಸರು ಬರುತ್ತದೆ. ಈ ವಿಷಯ ನನ್ನ ಹೆಸರಿನಲ್ಲೇ ನಿನಗೆ ತಲುಪಬೇಕು.

ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿನ ಬಗ್ಗೆ ನೀನು ಬರೆದು ಕಳಿಸಿದ ಪ್ರಬಂಧವನ್ನು ಮಧ್ಯಾಹ್ನದ ನಿದ್ದೆ ಬಿಟ್ಟು ಓದಿದೆ. ಆನ್‌ಲೈನ್ ಪ್ರಜಾಪ್ರಭುತ್ವ ನಮ್ಮ ನೀರಿನ ಜಗಳದಲ್ಲೂ ಇದೆ ಅಂದಿದ್ದೀಯಲ್ಲ, ಬಹಳ ಹೆಮ್ಮೆಯಾಯಿತು. ಆದರೆ ಗ್ರೂಪಿನಲ್ಲಿ ಹೆಂಗಸರು ಬಾಯಿಯೇ ಬಿಡುವುದಿಲ್ಲ ಎಂದು ಬರೆದ ಕಡೆ ನಗು ತಡೆಯಲಾಗಲಿಲ್ಲ.

ಎ ವಿಂಗಿಗೆ ಎರಡು ಹೊತ್ತು ನೀರು, ನಮ್ಮ ಬಿ ವಿಂಗಿಗೆ ಯಾಕೆ ಒಂದೇ ಹೊತ್ತು ಎಂದು ಕೇಳಿ ಸೆಕ್ರೆಟರಿ ಪ್ರೇಮನಾಥರ ಬೆವರಿಳಿಸಿದ ಹೋಟೆಲ್ ಮಾಲೀಕರನ್ನು ಪುಟಗಟ್ಟಲೆ ಹೊಗಳಿದ್ದೀಯ. ಅದು ಪಪ್ಪ ಅಲ್ಲ, ನಾನು! ನೀನು ಕೊಡಿಸಿದ ದೊಡ್ಡ ಫೋನು ಹೋಟೆಲಿನ ಎಣ್ಣೆ ಕೈ ತಾಗಿ ಹಾಳಾದೀತೆಂದು ಅವರು ಮನೆಯಲ್ಲೇ ಬಿಟ್ಟು ವಾಶಿಯ ಹೋಟೆಲಿಗೆ ಹೋಗುತ್ತಾರೆ. ಇಡೀ ದಿನ ಅದು ನನ್ನ ಕೈಯಲ್ಲಿ. ಮೇಲಿನ ಮನೆಯ ಭಾಗೀರಥಿ ಬರೆಯುವುದೂ ಗಂಡನ ಹೆಸರಿನಲ್ಲೇ. ನಂಬರ್ ಯಾರದ್ದೋ ಮಾತೂ ಅವರದ್ದೇ ಎಂದುಕೊಂಡೆಯಲ್ಲ, ಇದೇ ಮನೆಯಲ್ಲಿ ಬೆಳೆದ ಹುಡುಗಿ!

ಈಗ ಈ ತಿಂಗಳ ಕೊನೆಯ ಭಾನುವಾರ ಕಮಿಟಿ ಚುನಾವಣೆ. ಶೆಟ್ರೇ, ನೀವೇ ಸೆಕ್ರೆಟರಿ ಆಗಬೇಕು ಎಂದು ಸ್ಟೇಶನ್ನಿನಲ್ಲಿ ಸಿಕ್ಕವರೆಲ್ಲ ಪಪ್ಪನ ಬೆನ್ನು ಬಿದ್ದಿದ್ದಾರೆ. ಅವರಿಗೋ ನೀರಿನ ಟಾಂಕಿಯ ವಾಲ್ವ್ ಎಲ್ಲಿದೆ ಎಂದೇ ಗೊತ್ತಿಲ್ಲ. ನಾನೇ ನಿಲ್ಲುತ್ತೇನೆ ಎಂದೆ. ಹಾಗಾದರೆ ಇಷ್ಟು ದಿನ ಹೊಗಳಿಕೆಗೆಲ್ಲ ತಾನು ಸುಮ್ಮನೆ ತಲೆಯಾಡಿಸಿದ್ದು ಜನರಿಗೆ ಗೊತ್ತಾಗುವುದಿಲ್ಲವೇ ಎಂದು ಪಪ್ಪ ಕೇಳಿದರು. ಗೊತ್ತಾಗಲಿ ಎಂದೆ. ಸ್ವಲ್ಪ ಮುಖ ಊದಿಸಿದರು, ಊಟದ ಹೊತ್ತಿಗೆ ಸರಿಹೋದರು. ಫ್ಲ್ಯಾಟಿನ ಕಾಗದಪತ್ರದಲ್ಲಿ ಮೊದಲ ಹೆಸರು ನನ್ನದೇ ಆದ್ದರಿಂದ ನಾನು ನಿಲ್ಲಲು ಅಡ್ಡಿಯೇನಿಲ್ಲ.

ಮೀಟಿಂಗಿನಲ್ಲಿ ಎದ್ದು ನಿಂತು, ಆ ಮಾತೆಲ್ಲ ನನ್ನದು ಎಂದು ಮೊದಲು ಹೇಳಿ ಆಮೇಲೆ ಮತ ಕೇಳುತ್ತೇನೆ. ಶೆಟ್ರಿಗೆ ಭೇಷ್ ಅಂದವರು ಶೆಟ್ರ ಹೆಂಡತಿಗೂ ಕೈ ಎತ್ತುತ್ತಾರಾ? ನಿನ್ನ ಪ್ರಬಂಧಕ್ಕೆ ಬೇಕಾದ್ದು ಅದೇ. ಎತ್ತುತ್ತಾರೆ, ನನಗೆ ಧೈರ್ಯವಿದೆ. ಬಂದು ಹಿಂದಿನ ಕುರ್ಚಿಯಲ್ಲಿ ಕೂತು ನೋಡು. ಅಲ್ಲಿಯವರೆಗೆ ಪ್ರಬಂಧ ಎಲ್ಲಿಗೂ ಕಳಿಸಬೇಡ.

ನಿನ್ನ ಅಮ್ಮ,
ವಾರಿಜಾ

ತಾ.ಕ.: ಬರೆದದ್ದನ್ನು ಬಳಸಲು ಒಪ್ಪಿಗೆ ಕೇಳಿ ನೀನು ಎಲ್ಲರಿಗೂ ಮೆಸೇಜ್ ಕಳಿಸಿದ್ದೆಯಲ್ಲ, ಪಪ್ಪನ ನಂಬರಿನಿಂದ ಧಾರಾಳವಾಗಿ ಬಳಸು ಎಂದವಳೂ ನಾನೇ. ಎಲ್ಲರ ಹೆಸರನ್ನೂ ಬದಲಾಯಿಸುತ್ತೇನೆ ಎಂದು ನೀನು ಮಾತು ಕೊಟ್ಟಿದ್ದೆ. ನನ್ನದನ್ನು ಬದಲಾಯಿಸಬೇಡ.